ಒಪ್ಪಿಗೆಗೆ ಮೊದಲಿನ ಬೀಗತನ

ಎರಡು ಕಂಪನಿಗಳು ಒಂದಾಗಲು ಸಹಿ ಹಾಕಿದ ಮೇಲೂ, ಸ್ಪರ್ಧಾ ಆಯೋಗದ ಒಪ್ಪಿಗೆ ಬರುವವರೆಗೆ ಕಾನೂನಿನ ದೃಷ್ಟಿಯಲ್ಲಿ ಅವು ಎರಡೇ. ಆ ನಡುವಿನ ಅವಧಿಯಲ್ಲಿ ಅವು ದರದ ಬಗ್ಗೆ ಮಾತಾಡಿಕೊಳ್ಳುವಂತಿಲ್ಲ, ಗಿರಾಕಿಗಳನ್ನು ಹಂಚಿಕೊಳ್ಳುವಂತಿಲ್ಲ, ಒಬ್ಬರ ವ್ಯವಹಾರಕ್ಕೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ನಿನ್ನೆಯವರೆಗೆ ಹೇಗೆ ಪೈಪೋಟಿ ಮಾಡುತ್ತಿದ್ದವೋ ಹಾಗೆಯೇ ಮಾಡುತ್ತಿರಬೇಕು. ವಿಲೀನದ ಪೂರ್ವಸೂಚನೆಯ ನಿಯಮಗಳಲ್ಲಿ ಇದಕ್ಕಿಂತ ಸರಳವಾದದ್ದು ಇನ್ನೊಂದಿಲ್ಲ ಎಂದು ನಾನು ತಿಳಿದಿದ್ದೆ. ಹತ್ತಿಯ ಹಂಗಾಮಿನ ಆರಂಭದಲ್ಲಿ ಶಹಾಪುರಕ್ಕೆ ಹೊರಟಾಗ ನನ್ನ ಚಿಂತೆಯೆಲ್ಲ ಬೇರೆ ನಿಯಮಗಳ ಮೇಲಿತ್ತು.

ನಾನು ಹೈದರಾಬಾದಿನ ಒಂದು ವಕೀಲರ ಕಚೇರಿಯಲ್ಲಿ ಕಿರಿಯ ವಕೀಲಳು. ಕೊಳ್ಳುವ ಕಂಪನಿ ನಮ್ಮ ಕಕ್ಷಿದಾರ. ನೂಲಿನಿಂದ ಬಟ್ಟೆಯವರೆಗೆ ಎಲ್ಲವನ್ನೂ ಮಾಡುವ ಅದು, ಹಲವು ರಾಜ್ಯಗಳಲ್ಲಿ ಜಿನ್ನಿಂಗ್ ಮಿಲ್ಲುಗಳಿರುವ ಒಂದು ಗುಂಪನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿತ್ತು. ಜಿನ್ನಿಂಗ್ ಮಿಲ್ಲೆಂದರೆ ರೈತರಿಂದ ಹತ್ತಿ ಕೊಂಡು, ಕಾಳು ಬೇರೆ ಮಾಡಿ, ಅರಳೆಯನ್ನು ಒತ್ತಿ ಕಟ್ಟುವ ಜಾಗ. ಶಹಾಪುರದಲ್ಲಿ ಈ ಎರಡೂ ಪಕ್ಷಗಳ ಮಿಲ್ಲುಗಳು ಒಂದೇ ರಸ್ತೆಯ ಆಚೀಚೆ ಎದುರುಬದುರಾಗಿ ನಿಂತಿವೆ. ಸುರಪುರದಲ್ಲಿಯೂ ಎರಡಕ್ಕೂ ಒಂದೊಂದಿದೆ. ಇಲ್ಲಿ ಯಾರ ಹೆಸರನ್ನೂ ಹೇಳುವುದಿಲ್ಲ; ಗುರುತು ಹತ್ತುವ ವಿವರಗಳನ್ನು ಬದಲಿಸಿದ್ದೇನೆ. ಘಟನೆಗಳ ಕ್ರಮವನ್ನು ಮಾತ್ರ ಬದಲಿಸಿಲ್ಲ.

ದೊಡ್ಡದು ದೊಡ್ಡದನ್ನು ನುಂಗಿದರೆ ಪತ್ರಿಕೆಯ ಮುಖಪುಟದಲ್ಲಿ ಬರುತ್ತದೆ. ಜಿಲ್ಲೆಗಳ ಮಿಲ್ಲು, ಆಸ್ಪತ್ರೆ, ಶೀತಗೃಹಗಳು ಒಂದೊಂದಾಗಿ ಒಂದೇ ಕೈ ಸೇರುತ್ತಿರುವ ಇಂದಿನ ರೀತಿ ಯಾವ ಪುಟದಲ್ಲಿಯೂ ಬರುವುದಿಲ್ಲ. ಕಾಯ್ದೆಯಲ್ಲಿ ಆಸ್ತಿ ಮತ್ತು ವಹಿವಾಟಿನ ಮಿತಿಗಳಿವೆ. ಮಾರಾಟವಾಗುವ ಸಂಸ್ಥೆ ಆ ಮಿತಿಗಿಂತ ಚಿಕ್ಕದಾಗಿದ್ದರೆ ಆಯೋಗಕ್ಕೆ ತಿಳಿಸಲೇಬೇಕಿಲ್ಲ. ಒಪ್ಪಂದದ ಮೌಲ್ಯವನ್ನೇ ಅಳೆಯುವ ಹೊಸ ಮಿತಿಯೂ ಬಂದಿದೆ, ಆದರೆ ಅದು ಸಾವಿರಾರು ಕೋಟಿಯ ಮಾತು. ಶಹಾಪುರದ ಮಿಲ್ಲೊಂದೇ ಬಿಡಿಯಾಗಿ ಮಾರಾಟವಾಗಿದ್ದರೆ ದೆಹಲಿಯಲ್ಲಿ ಯಾರೂ ಅದರ ಹೆಸರು ಕೇಳುತ್ತಿರಲಿಲ್ಲ. ಅದು ಗುಂಪಿನ ಜೊತೆ ಮಾರಾಟವಾಯಿತು, ಗುಂಪು ಮಿತಿಯನ್ನು ದಾಟಿತ್ತು. ಹೀಗಾಗಿ ಸೂಚನೆ ಕಡ್ಡಾಯವಾಯಿತು.

ಪರಸ್ಪರ ಯಾವ ಸಂಬಂಧವೂ ಇಲ್ಲದ ವ್ಯವಹಾರಗಳಿಗೆ ಸಲ್ಲಿಸಿದ ಕೂಡಲೇ ಒಪ್ಪಿಗೆ ದೊರೆಯುವ ಹಸಿರು ದಾರಿಯೊಂದಿದೆ. ಇಬ್ಬರೂ ಹತ್ತಿ ಕೊಳ್ಳುವವರಾದ್ದರಿಂದ ಆ ದಾರಿ ನಮಗೆ ಮುಚ್ಚಿತ್ತು. ಉಳಿದದ್ದು ಮಾರುಕಟ್ಟೆಯ ಗಡಿಯ ಪ್ರಶ್ನೆ, ಅಂದರೆ ಎಷ್ಟು ವಿಸ್ತಾರದಲ್ಲಿ ಇಬ್ಬರ ಪಾಲನ್ನು ಅಳೆಯಬೇಕು ಎಂಬುದು. ಮೊದಲ ಕರಡಿನಲ್ಲಿ ನಮ್ಮ ಹಿರಿಯ ವಕೀಲರು ಇಡೀ ದೇಶವನ್ನೇ ಒಂದು ಮಾರುಕಟ್ಟೆ ಎಂದು ಬರೆಸಿದ್ದರು. ಅಷ್ಟು ದೊಡ್ಡ ಹರಿವಾಣದಲ್ಲಿ ಈ ಎರಡು ಕಂಪನಿಗಳ ಪಾಲು ಸಾಸಿವೆಯಷ್ಟು.

"ಸರ್, ಸಾಧ್ಯವಿರುವ ಎಲ್ಲಾ ಪರ್ಯಾಯ ಮಾರುಕಟ್ಟೆಗಳ ಮಾಹಿತಿಯನ್ನೂ ಕೊಡಬೇಕು ಅಂತ ಆಯೋಗದ ಅರ್ಜಿ ನಮೂನೆಯಲ್ಲೇ ಇದೆ," ಎಂದೆ. "ಟ್ರ್ಯಾಕ್ಟರ್ ತುಂಬಿಕೊಂಡು ಬಂದವರು ಗುಜರಾತಿಗೆ ಹೋಗಿ ದರ ಕೇಳುವುದಿಲ್ಲ."

ಹಿರಿಯರು ಧಾರವಾಡದ ಕಡೆಯವರು, ನ್ಯಾಯವಾದ ಮಾತನ್ನು ತಳ್ಳಿಹಾಕುವವರಲ್ಲ. "ನಿಮ್ಮ ಊರ ಕಡೆಗೇ ಅದಲ್ಲ? ಹೋಗಿ ನೋಡ್ಕೊಂಡು ಬಾ," ಎಂದರು. "ಆದ್ರ ಊರ ಮಗಳಾಗಿ ಅಲ್ಲ, ಕಂಪನಿಯ ವಕೀಲಳಾಗಿ."

ಕಂಪನಿಯವರು ಸ್ಥಳೀಯ ಪ್ರತಿಸ್ಪರ್ಧಿಗಳೆಂದು ಕೆಲವು ಮಿಲ್ಲುಗಳನ್ನು ಹೆಸರಿಸಿದ್ದರು. ಒಂದು ಸೈದಾಪುರದ ದಾರಿಯಲ್ಲಿತ್ತು. ಮೊದಲು ಅಲ್ಲಿಗೇ ಹೋದೆ. ಜಿನ್ನಿನ ಯಂತ್ರಗಳನ್ನು ಕಿತ್ತು ಮಾರಿದ್ದರು. ಹತ್ತಿ ರಾಶಿ ಬೀಳುತ್ತಿದ್ದ ಅಂಗಳದಲ್ಲಿ ಕಡೇಚೂರಿನ ಔಷಧ ಕಾರ್ಖಾನೆಗಳಿಗೆ ಹೋಗುವ ನೀಲಿ ಡ್ರಮ್ಮುಗಳನ್ನು ಪೇರಿಸಿದ್ದರು. ಕಾವಲುಗಾರನನ್ನು ಹತ್ತಿಯ ಬಗ್ಗೆ ಕೇಳಿದಾಗ, "ಹತ್ತಿ ಬೇಕಂದ್ರ ಅಂಗಡಿಗೆ ಹೋಗ್ರಿ, ಇಲ್ಲಿ ಬರೇ ಔಷಧದ ವಾಸನಿ," ಎಂದ. ಆ ಹೆಸರನ್ನು ಹೊಡೆದು ಹಾಕಿದೆ. ಯಾದಗಿರಿಯ ಇನ್ನೊಂದು ಮಿಲ್ಲು ನಡೆಯುತ್ತಿತ್ತು, ಆದರೆ ಅದು ತನ್ನ ಗುರುತಿನ ದಲಾಲರಿಂದ ಮಾತ್ರ ಕೊಳ್ಳುತ್ತಿತ್ತು. ಬಿಡಿ ರೈತರಿಗೆ ಅಲ್ಲಿ ಗೇಟೇ ತೆರೆಯುತ್ತಿರಲಿಲ್ಲ. ಹಾಗಾದರೆ ಶಹಾಪುರ-ಸುರಪುರದ ಸುತ್ತಿನವರಿಗೆ ಉಳಿಯುವುದು ಈ ಎರಡು ಪಕ್ಷಗಳ ಗೇಟುಗಳು. ನನ್ನ ವಾದಕ್ಕೆ ಬಲ ಬಂದಿತೆಂದು ಹುರುಪಿನಲ್ಲಿಯೇ ಶಹಾಪುರದ ಮಿಲ್ಲಿನ ಮುಂದೆ ಇಳಿದೆ.

ಹತ್ತಿ ಮಾರುವ ಕ್ರಮ ಇಲ್ಲಿ ಹೀಗೆ: ಟ್ರ್ಯಾಕ್ಟರ್ ಒಂದು ಗೇಟಿನ ಮುಂದೆ ನಿಲ್ಲುತ್ತದೆ. ಮಿಲ್ಲಿನವನು ಹೊರೆಯ ಒಳಗೆ ಮೊಣಕೈವರೆಗೆ ಕೈ ತೂರಿಸಿ ಒಂದು ಹಿಡಿ ಕಿತ್ತು, ಎಳೆ ಜಗ್ಗಿ ನೋಡಿ, ತೇವ ಅಳೆದು ದರ ಹೇಳುತ್ತಾನೆ. ಮಾರುವವರು ಒಪ್ಪುವುದಿಲ್ಲ. ಗಾಡಿ ರಸ್ತೆ ದಾಟಿ ಎದುರು ಗೇಟಿಗೆ ಹೋಗುತ್ತದೆ. ಮತ್ತೆ ವಾಪಸು ಬರುತ್ತದೆ. ಈ ಹೋಗಿಬರುವಿಕೆಯಲ್ಲಿಯೇ ದರ ಏರುತ್ತದೆ. ಪಠ್ಯಪುಸ್ತಕದಲ್ಲಿ ನಾನು ಓದಿದ ಸ್ಪರ್ಧೆ ಎಂಬ ಪದಕ್ಕೆ ನನ್ನ ಊರಿನಲ್ಲಿ ಇದ್ದ ರೂಪ ಅದೊಂದೇ.

ಅಂದು ಯಾವ ಗಾಡಿಯೂ ರಸ್ತೆ ದಾಟುತ್ತಿರಲಿಲ್ಲ.

ದೇವಾಪುರದಿಂದ ಬಂದ ಒಬ್ಬ ಹೆಂಗಸು, ನನಗಿಂತ ಸಾಕಷ್ಟು ಹಿರಿಯಳು, ಟ್ರ್ಯಾಕ್ಟರಿನ ಪಕ್ಕದಲ್ಲಿ ನಿಂತಿದ್ದಳು. ಗಾಡಿ ಹೊಡೆಯುತ್ತಿದ್ದವನು ಅವಳ ತಮ್ಮ.

"ಎದುರು ಗೇಟಿನಾಗ ಕೇಳಂಗಿಲ್ಲೇನ್ರಿ ಅಕ್ಕಾರ?" ಎಂದೆ.

"ಕೇಳಿ ಏನ್ ಮಾಡ್ಲೆವ್ವಾ? ಎರಡು ಬಾಯಿ, ಮಾತು ಒಂದ. ಸುರಪುರದಾಗ ಎರಡೂ ಗೇಟ್ನ್ಯಾಗ ಒಂದ ರೇಟ್ ಅಂದ್ರು ಅಂತ ಇಲ್ಲೀತನ ಬಂದೀನಿ. ಇಲ್ಲೂ ಅದ."

ತಮ್ಮ ಸ್ಟಿಯರಿಂಗಿನ ಮೇಲೆ ಗದ್ದ ಊರಿ ನಕ್ಕ. "ನಮ್ಮಕ್ಕಗ ಹತ್ತಿ ಮಾರೋದಂದ್ರ ಸೀರಿ ಆರಿಸಿದಂಗ್ರಿ ಮೇಡಂ. ನಾಕ್ ಅಂಗಡಿ ಹತ್ತಿ ಇಳೀಲೇಬೇಕು. ಈ ಸಲ ಎಲ್ಲಾ ಅಂಗಡ್ಯಾಗೂ ಒಂದ ಸೀರಿ ತೂಗಹಾಕ್ಯಾರ."

"ಸುಮ್ನಿರಲೇ, ದೊಡ್ಡ ಮಾತಾಡಾಕ ಬಂದಾನ," ಎಂದು ಅವನನ್ನು ಗದರಿಸಿ, ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು. "ಇವ್ರಿಬ್ರೂ ಬೀಗರಾಗ್ಯಾರಂತ. ನಿಮ್ಗ ಗೊತ್ತಿಲ್ಲೇನು?"

"ಒಪ್ಪಿಗೆ ಬರೋತನ ಹಂಗ ಮಾಡಂಗಿಲ್ರಿ. ಕಾನೂನಿನಾಗ ಅದು ತಪ್ಪು," ಎಂದೆ. ಆ ಮಾತು ಬಾಯಿಂದ ಬಂದ ಮೇಲೆ ನನಗೆ ಅರಿವಾಯಿತು: ನಾನು ಆ ತಪ್ಪು ಮಾಡಿದವರ ವಕೀಲಳು.

ನಮ್ಮ ಕಕ್ಷಿದಾರರ ಮಿಲ್ಲಿನ ಮ್ಯಾನೇಜರರು ಐವತ್ತು ದಾಟಿದವರು, ಶಹಾಪುರದವರೇ. ಹಣೆಯ ಮೇಲೆ ವಿಭೂತಿ, ಅಂಗಿಯ ಮೇಲೆಲ್ಲ ಅರಳೆಯ ಎಳೆ. ನನ್ನ ಅಪ್ಪನ ಹೆಸರು ಹೇಳಿದ ಕೂಡಲೇ ಕುರ್ಚಿ ಒರೆಸಿ ಕೊಟ್ಟರು.

"ಕಾಕಾರ, ಮೊದ್ಲ ಒಂದ್ ಮಾತು ಹೇಳ್ಬೇಕು," ಎಂದೆ. "ನಾ ಕಂಪನಿ ವಕೀಲಳು, ನಿಮ್ಮ ವಕೀಲಳಲ್ಲ. ನೀವು ಹೇಳಿದ್ದು ನಾ ಅವ್ರಿಗೆ ಹೇಳ್ಬೇಕಾಗ್ತದ."

"ನಮ್ಮೂರ ಹೆಣ್ಮಗಳು ನಮ್ಮ ವಕೀಲಳಲ್ದ ಮತ್ಯಾರ ವಕೀಲಳಾಗ್ತಾಳವ್ವಾ? ಚಾ ಕುಡಿ."

ಅದೇ ಮಾತನ್ನು ಮತ್ತೊಮ್ಮೆ ಹೇಳಿದೆ. ಅವರು ಮತ್ತೊಮ್ಮೆ ಚಹಾದ ಬಟ್ಟಲನ್ನು ನನ್ನ ಕಡೆ ಸರಿಸಿದರು. ಎದುರು ಮಿಲ್ಲಿನ ಜೊತೆ ವ್ಯವಹಾರ ಹೇಗಿದೆ ಎಂದು ಕೇಳಿದೆ.

"ಮುಂಚೆ ಭಾಳ ಕೆಟ್ಟ ಜಗಳ ಇತ್ತು. ಎದುರಿನ ಮ್ಯಾನೇಜರನ ಗೇಟಿಗೆ ಹೊಂಟ ಗಾಡಿಗೆ ನಮ್ಮ ಮಂದಿ ಅಡ್ಡ ನಿಂದ್ರತಿದ್ರು, ಅವ್ರಕಿಂತ ಮ್ಯಾಲ ಕೊಡ್ತೀವಿ ತಿರುಗಿಸು ಅಂತ. ಅವ್ನರ ಸುಮ್ನಿರ್ತಿದ್ನೇನು? ತೂಕಕ್ಕಂತ ನಮ್ಮ ಕಾಟಾ ಮ್ಯಾಲ ಏರಿದ ಗಾಡಿನ ಇಳಿಸ್ಕೊಂಡ್ ಹೋಗ್ಯಾನ."

"ಈಗ್ರಿ?"

"ಈಗ ಅದೆಲ್ಲಾ ಬಂದ್." ಅವರ ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದವರ ತೃಪ್ತಿ ಇತ್ತು. "ಸಹಿ ಆತು ಅಂದ್ರ ನಿಶ್ಚಯ ಆದಂಗ. ನಿಶ್ಚಯ ಆದ ಮ್ಯಾಲ ಬೀಗರ ಬಾಗಿಲಿಗೆ ಹೋದ ಗಿರಾಕಿನ ಕೂಗಿ ಕರದ್ರ ಮಂದಿ ಏನಂದಾರು? ನಾನ ಮೊದ್ಲು ಆಯೇರ ತಗೊಂಡ್ ಹೋದೆ. ಧೋತರ, ರುಮಾಲು, ಟೆಂಗು. ಮರುದಿನ ಅವ್ನು ಮನಿಗೆ ಕರ್ದು ಹೋಳಿಗಿ ಉಣಿಸಿದ. ಅವತ್ತಿಂದ ಮುಂಜಾನೆ ಫೋನ್ ಮಾಡಿ ಇಬ್ರೂ ಕೂಡಿ ರೇಟ್ ಹಿಡೀತೀವಿ. ಅವ್ನ ಕಡೆ ಜಾಗ ಇಲ್ಲಂದ್ರ ಗಾಡಿ ನನ್ ಕಡೆ ಕಳಸ್ತಾನ."

"ಮದುವಿ ಇನ್ನಾ ಆಗಿಲ್ಲಲ್ರಿ ಕಾಕಾರ. ನಿಶ್ಚಯ ಆಗಿ ನಿಂತ ಮದುವಿ ನೀವ್ ನೋಡಿಲ್ಲೇನು?"

"ನಿಶ್ಚಯ ಮುರದವ್ರಿಗೆ ಮುಂದ ಹೆಣ್ ಕೊಡ್ತಾರೇನವ್ವಾ?" ಎಂದು ನಕ್ಕರು.

ಇಲ್ಲಿಯ ಬದುಕಿನಲ್ಲಿ ಮಾತು ಕೊಟ್ಟ ಮೇಲೆ ಕಾಯುವ ಅವಧಿಗೆ ಬೇರೆಯೇ ಅರ್ಥವಿದೆ. ನಿಶ್ಚಯದಿಂದ ಮದುವೆಯವರೆಗಿನ ದಿನಗಳಲ್ಲಿ ಎರಡು ಮನೆಗಳು ಹತ್ತಿರವಾಗಬೇಕು. ಅಪರಿಚಿತರಂತೆ ಇದ್ದರೆ ಅವಮಾನ. ಕಾಯ್ದೆ ಕೇಳುವುದು ಇದಕ್ಕೆ ಪೂರಾ ವಿರುದ್ಧವಾದದ್ದನ್ನು. ಅದನ್ನು ಈ ಮನುಷ್ಯನಿಗೆ ಹೇಳಬೇಕಾದವರು ಯಾರೂ ಹೇಳಿರಲಿಲ್ಲ. ಆದರೂ ಅವರನ್ನು ಅಮಾಯಕರೆಂದು ಬರೆದು ಮುಗಿಸಲಾರೆ. ಅವರ ಮರ್ಯಾದೆಯ ವೆಚ್ಚವನ್ನು ಭರಿಸಿದವಳು ಗೇಟಿನ ಹೊರಗೆ ನಿಂತಿದ್ದಳು. ಬೀಗರ ಊಟಕ್ಕೆ ಅವಳನ್ನು ಯಾರೂ ಕರೆದಿರಲಿಲ್ಲ.

ಒಂದು ಪ್ರಶ್ನೆ ಉಳಿದಿತ್ತು. "ಇದು ಮ್ಯಾಲಿನವ್ರಿಗೆ ಗೊತ್ತದ ಏನ್ರಿ?"

"ಗೊತ್ತಿಲ್ದ ಏನು? ಪ್ರಾಂತದ ಸಾಹೇಬ್ರು ಶಭಾಷ್ ಅಂದ್ರು. ಸುರಪುರದಾಗೂ ಹಿಂಗ ಮಾಡಿಸು ಅಂದ್ರು. ಮಾಡಿಸೀನಿ."

ಅದೇ ಮಧ್ಯಾಹ್ನ ಸುರಪುರಕ್ಕೆ ಹೋದೆ. ಅಲ್ಲಿಯ ನಮ್ಮ ಮಿಲ್ಲಿನವರು ಮುಚ್ಚುಮರೆ ಮಾಡಲಿಲ್ಲ. ಮುಂಜಾನೆ ಶಹಾಪುರದಿಂದ ದರ ಬರುತ್ತದೆ, ಎರಡೂ ಗೇಟಿನಲ್ಲಿ ಅದನ್ನೇ ಹೇಳುತ್ತೇವೆ ಎಂದರು. ಮರ್ಯಾದೆಯಿಂದ ಶುರುವಾದದ್ದು ಸುರಪುರಕ್ಕೆ ಬರುವಷ್ಟರಲ್ಲಿ ಆಜ್ಞೆಯಾಗಿತ್ತು.

ಹಿರಿಯರಿಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ.

"ಮೊದ್ಲು ಆ ಫೋನ್ ಮಾತುಕತಿ ನಿಲ್ಲಸೋಣ," ಎಂದರು. "ಆಮ್ಯಾಲ ನಾವ ಆಯೋಗಕ್ಕ ಹೇಳಬೇಕಾಗ್ತದ. ಮುಚ್ಚಿಟ್ಟು ಸಲ್ಲಿಸಾಕ ಬರೂದಿಲ್ಲ."

ಆ ಮಾತಿಗೆ ನಾನು ಇಂದಿಗೂ ಅವರಿಗೆ ಕೃತಜ್ಞಳು. ಕಂಪನಿಗೆ ಎಚ್ಚರಿಕೆ ಹೋಯಿತು. ಎರಡೂ ಗೇಟುಗಳ ದರಗಳು ಮತ್ತೆ ಬೇರೆಬೇರೆಯಾದವು. ಕೆಲವು ದಿನ ಗಾಡಿಗಳು ರಸ್ತೆ ದಾಟಿದವೆಂದು ಕೇಳಿದೆ. ನಾನು ಸಿದ್ಧಪಡಿಸಿದ ಸ್ಥಳೀಯ ಮಾರುಕಟ್ಟೆಯ ವಿವರ ಅರ್ಜಿಯೊಳಗೆ ಸೇರಿತು. ಗೆದ್ದೆ ಎಂದುಕೊಂಡಿದ್ದೆ.

ಕಂಪನಿ ಒಪ್ಪಿಕೊಳ್ಳಲು ಸಿದ್ಧವಿತ್ತು. ಹೇಗೆ ಒಪ್ಪಿಕೊಳ್ಳುತ್ತದೆ ಎಂಬುದು ಕಾನೂನು ವಿಭಾಗದವರ ಜೊತೆ ಮಾತಾಡಿದಾಗ ತಿಳಿಯಿತು. ಅವರಿಗೆ ಬೇಕಿದ್ದದ್ದು ಒಂದು ವಾಕ್ಯ: ಸ್ಥಳೀಯ ಸಿಬ್ಬಂದಿಯೊಬ್ಬರು ತಪ್ಪು ತಿಳುವಳಿಕೆಯಿಂದ ವೈಯಕ್ತಿಕ ಸೌಜನ್ಯವಾಗಿ ಹೀಗೆ ನಡೆದುಕೊಂಡರು, ಕಂಪನಿಗೆ ಇದರ ಅರಿವಿರಲಿಲ್ಲ. ಅದನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲರ್ಧವನ್ನು ಬರೆದೆ. ಎರಡನೆಯದನ್ನು ಬರೆಯಲಿಲ್ಲ. ಪ್ರಾಂತದ ಮುಖ್ಯಸ್ಥರಿಗೆ ಅರಿವಿತ್ತೆಂದು ನನಗೆ ಹೇಳಲಾಗಿದೆ, ಅದನ್ನು ವಿಚಾರಿಸದೆ ಹೀಗೆ ಬರೆಯಲಾಗದು ಎಂದೆ. ಹಿರಿಯರು ನನ್ನ ಪರ ನಿಂತು ವಿಚಾರಣೆಗೆ ಪಟ್ಟು ಹಿಡಿದರು. ವಿಡಿಯೊ ಕರೆಯೊಂದು ಏರ್ಪಾಡಾಯಿತು. ಒಂದು ಚೌಕದಲ್ಲಿ ಪ್ರಾಂತದ ಮುಖ್ಯಸ್ಥರು, ಇನ್ನೊಂದರಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮ್ಯಾನೇಜರರು. ಇಬ್ಬರನ್ನೂ ಒಟ್ಟಿಗೆ ಕೂರಿಸಬೇಡಿರೆಂದು ನಾನು ಕೇಳಿದ್ದೆ. ಸಮಯವಿಲ್ಲ ಎಂಬ ಉತ್ತರ ಬಂದಿತ್ತು.

"ಯಾರೂ ಹೇಳಿಲ್ರಿ," ಎಂದರು ಮ್ಯಾನೇಜರರು, ಪರದೆಯ ಕಡೆ ನೋಡದೆ. "ನಾನ ಮಾಡಿದ್ದು. ನನ್ನ ತಿಳುವಳಿಕಿ ಅಷ್ಟ."

ಕರೆ ಮುಗಿದ ಸ್ವಲ್ಪ ಹೊತ್ತಿಗೆ ಅವರೇ ನನಗೆ ಫೋನ್ ಮಾಡಿದರು. "ಸಿಟ್ಟಾಗಬ್ಯಾಡವ್ವಾ. ಹೊಣಿ ನೀ ತಗೊ, ನಿನ್ನ ನಾವು ನೋಡ್ಕೋತೀವಿ ಅಂತ ಸಾಹೇಬ್ರು ಹೇಳ್ಯಾರ."

"ಕಾಕಾರ, ಇದನ್ನೂ ನಾ ಹೇಳ್ಬೇಕಾಗ್ತದ. ನೀವು ಬೇರೆ ವಕೀಲರನ್ನ ಹಿಡೀರಿ. ನಿಜ ಇದ್ದಿದ್ದು ಇದ್ದಂಗ ಹೇಳ್ರಿ."

"ಹುಡುಗ ಇದ್ದಾಗಿಂದ ಅವ್ರ ಹತ್ರ ದುಡದೀನಿ. ಕೈ ಬಿಡೂದಿಲ್ಲ ಅವ್ರು."

ಈ ಕರೆಯ ಸಂಗತಿಯನ್ನೂ ಹಿರಿಯರ ಮುಂದಿಟ್ಟೆ. ಅವರು ಮತ್ತೆ ಕಂಪನಿಯನ್ನು ಕೇಳಿದರು, ಕಂಪನಿ ಮತ್ತೆ ಅಲ್ಲಗಳೆಯಿತು. ಮ್ಯಾನೇಜರರು ಪರದೆಯ ಮೇಲೆ ಹೇಳಿದ್ದಕ್ಕೇ ಅಂಟಿಕೊಂಡರು.

"ನಿನ್ನ ಮಾತು ನಾನು ನಂಬ್ತೀನಿ," ಎಂದರು ಹಿರಿಯರು. "ಆದ್ರ ಹೇಳಿದವನ ಇಲ್ಲಂದ ಮ್ಯಾಲ ನಾನು ಏನಂತ ಬರೀಲಿ?"

"ಗೊತ್ತಿರಲಿಲ್ಲ ಅಂತಲೂ ಬರೆಯಬೇಡಿ ಸರ್."

"ಕಕ್ಷಿದಾರ ಪ್ರಮಾಣ ಮಾಡಿ ಹೇಳೋದನ್ನ ನಾನು ತಡೀಲಾರೆ."

ಅಂದೇ ಆ ಕಡತದಿಂದ ನನ್ನ ಹೆಸರನ್ನು ತೆಗೆಯಲು ಬರೆದುಕೊಟ್ಟೆ. ದೊಡ್ಡ ಸಾಹಸ ಮಾಡಿದೆನೆಂದು ಅನ್ನಿಸಲಿಲ್ಲ. ನಾನು ಎದ್ದು ಬಂದ ಕುರ್ಚಿಯಲ್ಲಿ ಇನ್ನೊಬ್ಬರು ಕೂತರು, ಆ ವಾಕ್ಯ ಪೂರ್ತಿಯಾಯಿತು. ಸ್ಥಳೀಯ ಮಾರುಕಟ್ಟೆಯ ವಿವರ ಉಳಿಯಿತು. ಅದರ ಕೆಳಗೆ, ಸಾಗಾಟದ ವೆಚ್ಚ ಗಣನೀಯವಲ್ಲವಾದ್ದರಿಂದ ರೈತರು ನೆರೆಯ ಜಿಲ್ಲೆಗಳ ಮಿಲ್ಲುಗಳಿಗೂ ಹೋಗಬಲ್ಲರು ಎಂಬ ಹೊಸ ಸಾಲು ಸೇರಿತು. ಆ ಸಾಲನ್ನು ಬರೆದವರು ಎಂದಾದರೂ ಬಾಡಿಗೆ ಟ್ರ್ಯಾಕ್ಟರಿನ ಮಾಲೀಕನ ಜೊತೆ ಡೀಸೆಲಿನ ಬಗ್ಗೆ ಮಾತಾಡಿದ್ದಾರೆಯೇ ಎಂದು ಕೇಳುವ ಹಕ್ಕು ಆಗ ನನಗಿರಲಿಲ್ಲ. ಈಗ ಕೇಳುತ್ತಿದ್ದೇನೆ.

ಇನ್ನೂ ಕೆಲವನ್ನು ಕೇಳುತ್ತೇನೆ. ಒಪ್ಪಿಗೆಗೆ ಮೊದಲು ಯಾವ ನಡತೆ ನಿಷಿದ್ಧ ಎಂಬುದನ್ನು ಗೇಟಿನಲ್ಲಿ ದರ ಹೇಳುವವರಿಗೆ ಅವರ ಭಾಷೆಯಲ್ಲಿ ತಿಳಿಸುವ ಹೊಣೆ ಯಾರದು? ತಿಳಿಸದ ತಪ್ಪು ತಿಳಿಯದವನ ತಲೆಗೆ ಬರುವುದು ಯಾವ ನ್ಯಾಯ? ಅವನ ಅಜ್ಞಾನದಿಂದ ಅಗ್ಗವಾಗಿ ಬಂದ ಹತ್ತಿ ಕಂಪನಿಯ ಗೋದಾಮಿನಲ್ಲಿಯೇ ಉಳಿಯಿತಲ್ಲ, ಅದನ್ನು ಯಾರು ಹಿಂತಿರುಗಿಸಿದರು? ಆಯೋಗವನ್ನು ನಾನು ದೂರುವುದಿಲ್ಲ. ತನ್ನ ತಕ್ಕಡಿಯೊಳಗೆ ಇಟ್ಟದ್ದನ್ನು ಅದು ತೂಗಿತು. ತಕ್ಕಡಿಯೊಳಗೆ ಏನಿಡಬೇಕು, ಏನನ್ನು ಹೊರಗಿಡಬೇಕು ಎಂದು ನಿರ್ಧರಿಸುವ ಕೋಣೆಗಳಲ್ಲಿ ನಾನು ಕೂತು ಬಂದಿದ್ದೇನೆ. ಉತ್ತರ ಕೊಡಬೇಕಾದವರು ಆ ಕೋಣೆಗಳಲ್ಲಿದ್ದಾರೆ.

ಹಂಗಾಮು ಮುಗಿಯುವ ಮೊದಲೇ ವಿಲೀನಕ್ಕೆ ಒಪ್ಪಿಗೆ ಬಂತು. ಒಪ್ಪಿಗೆಗೆ ಮೊದಲಿನ ಅವಸರದ ನಡತೆಯ ಪ್ರಕರಣ ಬೇರೆಯಾಗಿ ಸಾಗಿತು. ನಾನು ಇದನ್ನು ಬರೆಯುವಾಗಲೂ ಅದು ಮುಗಿದಿಲ್ಲ. ದಂಡ ಬಿದ್ದರೆ ಕಂಪನಿ ಕಟ್ಟುತ್ತದೆ, ಅದು ಸರ್ಕಾರದ ಖಜಾನೆಗೆ ಸೇರುತ್ತದೆ, ದೇವಾಪುರಕ್ಕೆ ಬರುವುದಿಲ್ಲ. ಒಪ್ಪಿಗೆ ಬಂದ ವಾರದಲ್ಲಿಯೇ ಮ್ಯಾನೇಜರರನ್ನು ಕೆಲಸದಿಂದ ತೆಗೆದರು. ಶಿಸ್ತು ಕ್ರಮ ಕೈಗೊಂಡಿದ್ದೇವೆ ಎಂದು ಹೇಳಿಕೊಳ್ಳಲು ಕಂಪನಿಗೆ ಒಂದು ಹೆಸರು ಬೇಕಿತ್ತು. ಅವರ ಮನೆಗೆ ಹೋದೆ. ಒಳಗಿದ್ದರೂ ಹೊರಗೆ ಬರಲಿಲ್ಲ. ಅವರ ಹೆಂಡತಿ ಬಾಗಿಲಲ್ಲಿಯೇ ನಿಂತು, "ಆರಾಮಿಲ್ರಿ, ಮಲಗ್ಯಾರ," ಎಂದರು. ಕೂರಿ ಎನ್ನಲಿಲ್ಲ.

ಅಲ್ಲಿಂದ ಮಿಲ್ಲಿನ ರಸ್ತೆಗೆ ಬಂದೆ. ಎದುರು ಮಿಲ್ಲಿನ ಗೇಟಿಗೆ ಖರೀದಿ ಇಲ್ಲ ಎಂಬ ಫಲಕ ನೇತುಬಿದ್ದಿತ್ತು, ಒಳಗೆ ಬರೀ ದಾಸ್ತಾನು. ಈ ಬದಿಯ ಒಂದೇ ಗೇಟಿನ ಮುಂದೆ ಗಾಡಿಗಳ ಸಾಲು. ಅದರಲ್ಲಿ ದೇವಾಪುರದ ಆ ಅಕ್ಕನ ಗಾಡಿಯೂ ಇತ್ತು. ಕಡೆಯ ಬಿಡಿಸಿನ ಹತ್ತಿ ತಂದಿದ್ದಳು. ನನ್ನನ್ನು ಅವಳೇ ಗುರುತಿಸಿದಳು.

"ಅವತ್ತು ಎರಡು ಗೇಟಿನಾಗ ಒಂದ ರೇಟ್ ಹೇಳೋದು ತಪ್ಪು ಅಂದಿದ್ದಿ. ಹೌದಿಲ್ಲೋ?"

"ಹೌದ್ರಿ."

"ಈಗ ಗೇಟ ಒಂದ. ರೇಟೂ ಒಂದ. ಇದು ಹೆಂಗ?"

"ಈಗ ಒಪ್ಪಿಗೆ ಬಂದದ್ರಿ ಅಕ್ಕಾರ. ಕಾನೂನಿನಾಗ ಇದು ಸರಿ."

ಅವಳು ಎದುರಿನ ಗೇಟನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಲು ಕೇಳುತ್ತಿದ್ದಳು.

"ಹಂಗಾರ ಆ ಮ್ಯಾನೇಜರ್ ಕೆಲ್ಸಾ ಯಾಕ್ ಹೋತು? ಇದನ್ನ ಸ್ವಲ್ಪ ಮೊದ್ಲ, ಲಗೂ ಮಾಡಿದ್ದಕ್ಕೇನು?"

ಓದಿದ ಕಾಯ್ದೆಯನ್ನೆಲ್ಲ ಮನಸ್ಸಿನಲ್ಲಿ ತಿರುವಿ ಹಾಕಿದೆ.

"ಹೌದ್ರಿ," ಎಂದೆ. "ಲಗೂ ಮಾಡಿದ್ದಕ್ಕ."

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಮ್ಮನ ಕಡೆ ತಿರುಗಿದಳು. "ನಡೀಲೇ, ಕಾಟಾಕ್ಕ ಹಚ್ಚು," ಎಂದಳು. ಅವನು ದರ ಎಷ್ಟೆಂದು ಕೇಳದೆ ಗಾಡಿಯನ್ನು ಮುಂದಕ್ಕೆ ಬಿಟ್ಟ.